ಅಣು ಯಾವುದು, ಪರಮಾಣು ಯಾವುದು?

ಹೈಸ್ಕೂಲಿನಲ್ಲಿ ಓದುವ ನಿಮ್ಮ ಮನೆಯ ಮಗುವನ್ನು ಕರೆದು ‘ಪರಮಾಣು ಎಂದರೇನು?’ ಎಂದು ಕೇಳಿ ನೋಡಿ. ಪುಸ್ತಕದ ವಾಕ್ಯವನ್ನು ತಪ್ಪಿಲ್ಲದೆ ಒಪ್ಪಿಸೀತು. ವೃತ್ತಗಳ ಚಿತ್ರವನ್ನೂ ಬರೆದು ತೋರಿಸೀತು. ‘ಅದು ಹಾಗಿದೆಯೆಂದು ಗೊತ್ತಾದದ್ದು ಹೇಗೆ?’ ಎಂದು ಮತ್ತೆ ಕೇಳಿದರೆ ಹೆಚ್ಚಿನ ಮಕ್ಕಳು ಸುಮ್ಮನಾಗುತ್ತಾರೆ. ಈ ಮೌನಕ್ಕೆ ಮಕ್ಕಳನ್ನು ದೂರುವುದು ಸರಿಯಲ್ಲ. ಹೊಣೆ ದೊಡ್ಡವರಾದ ನಮ್ಮದು.

ಮೊದಲನೆಯದಾಗಿ, ಮಾತನ್ನು ಕಲಸಿಟ್ಟವರು ನಾವೇ. ಪತ್ರಿಕೆಗಳಲ್ಲಿ ‘ಅಣುಬಾಂಬು’, ‘ಅಣುಸ್ಥಾವರ’ ಎಂದು ಬರೆಯುತ್ತೇವೆ. ವಿಜ್ಞಾನದ ತರಗತಿಯಲ್ಲಾದರೋ ಅಣು ಬೇರೆ, ಪರಮಾಣು ಬೇರೆ. ಆಸ್ಪತ್ರೆಗೆ ಹೋದರೆ ಮಲಯಾಳದಲ್ಲಿ ‘ಅಣುಬಾಧ’ ಎನ್ನುತ್ತಾರೆ. ಅಲ್ಲಿ ಅಣುವೆಂದರೆ ರೋಗಾಣು. ಮನೆ, ಶಾಲೆ, ಆಸ್ಪತ್ರೆ ಸುತ್ತಿ ಬರುವಷ್ಟರಲ್ಲಿ ಒಂದೇ ಶಬ್ದಕ್ಕೆ ಮೂರು ಅರ್ಥ. ಗಡಿನಾಡಿನ ಮಗು ಯಾವುದನ್ನು ಹಿಡಿಯಬೇಕು?

ವಿಷಯ ನಾವು ಹೆದರುವಷ್ಟು ಕಠಿಣವಲ್ಲ. ಒಂದು ಹನಿ ನೀರನ್ನು ಭಾಗ ಮಾಡುತ್ತ ಹೋದರೆ, ನೀರೆಂದು ಹೇಳಬಹುದಾದ ಕಟ್ಟಕಡೆಯ ತುಣುಕು ಅಣು. ಅದನ್ನೂ ಒಡೆದರೆ ನೀರು ಇಲ್ಲವಾಗಿ, ಎರಡು ಹೈಡ್ರೋಜನ್ ಮತ್ತು ಒಂದು ಆಕ್ಸಿಜನ್ ಪರಮಾಣುಗಳು ಉಳಿಯುತ್ತವೆ. ಪರಮಾಣುವಿನಾಚೆಗೆ ಮತ್ತೇನೂ ಇಲ್ಲವೆಂಬ ಭಾವನೆ 19ನೆಯ ಶತಮಾನದ ಕೊನೆಯವರೆಗೂ ಬಲವಾಗಿತ್ತು. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನನ್ನು ಕಂಡುಹಿಡಿದು ಆ ಬಾಗಿಲನ್ನು ತೆರೆದರು.

ಒಳಗೇನಿದೆ? 1909ರಲ್ಲಿ ಮ್ಯಾಂಚೆಸ್ಟರಿನಲ್ಲಿ ರುದರ್‌ಫೋರ್ಡರ ಮಾರ್ಗದರ್ಶನದಲ್ಲಿ ಗೈಗರ್ ಮತ್ತು ಮಾರ್ಸ್‌ಡೆನ್ ಎಂಬವರು ತೆಳುವಾದ ಚಿನ್ನದ ತಗಡಿನ ಮೇಲೆ ಆಲ್ಫಾ ಕಣಗಳನ್ನು ಹಾಯಿಸಿದರು. ಬಹುತೇಕ ಕಣಗಳು ನೇರವಾಗಿ ಹಾದುಹೋದವು. ಸಾವಿರಾರರಲ್ಲಿ ಒಂದು ಮಾತ್ರ ಬಂದ ದಾರಿಗೇ ಹಿಂದೆ ಪುಟಿಯಿತು. ಹೆಚ್ಚಿನವು ಹಾದುಹೋದವೆಂದರೆ ಒಳಗೆ ಹೆಚ್ಚಿನದು ಬರಿದು. ಕೆಲವು ಹಿಂದಿರುಗಿದವೆಂದರೆ ನಡುವೆ ಬಲು ಸಣ್ಣದಾದ, ಭಾರವಾದ ತಿರುಳೊಂದಿದೆ. 1911ರಲ್ಲಿ ರುದರ್‌ಫೋರ್ಡರು ಮುಟ್ಟಿದ ತೀರ್ಮಾನ ಇದು. ಆ ತಿರುಳೇ ನ್ಯೂಕ್ಲಿಯಸ್.

ಎಷ್ಟು ಸಣ್ಣದು? ಹೈಡ್ರೋಜನಿನ ನ್ಯೂಕ್ಲಿಯಸನ್ನು ಅಂಗಳದಲ್ಲಿ ಒಣಹಾಕಿದ ಒಂದು ಅಡಿಕೆಯೆಂದು ಭಾವಿಸಿದರೆ, ಅದರ ಎಲೆಕ್ಟ್ರಾನಿನ ನೆಲೆ ಸುಮಾರು ಒಂದು ಕಿಲೋಮೀಟರು ಆಚೆ! ನಡುವಿನದೆಲ್ಲ ಬಯಲು. ಪರೀಕ್ಷೆಯ ಕಾಗದದ ವೃತ್ತಗಳಲ್ಲಿ ಈ ದೂರ ಕಾಣದು. ಎಲೆಕ್ಟ್ರಾನ್ ಗೆರೆ ಎಳೆದ ಹಾದಿಯಲ್ಲಿ ಸುತ್ತುವುದಿಲ್ಲ, ಎಲ್ಲಿ ಸಿಗುವ ಸಂಭವ ಹೆಚ್ಚು ಎಂದಷ್ಟೇ ಹೇಳಬಹುದು ಎಂಬುದೂ ಆ ಚಿತ್ರದಲ್ಲಿ ಕಾಣದು.

ನ್ಯೂಕ್ಲಿಯಸಿನೊಳಗೆ ಪ್ರೋಟಾನುಗಳಿವೆ, 1932ರಲ್ಲಿ ಚಾಡ್‌ವಿಕ್ ಕಂಡುಹಿಡಿದ ನ್ಯೂಟ್ರಾನುಗಳೂ ಇವೆ. ಪ್ರೋಟಾನುಗಳ ಸಂಖ್ಯೆ 79 ಆದರೆ ಅದು ಚಿನ್ನ, 80 ಆದರೆ ಪಾದರಸ. 1964ರಲ್ಲಿ ಗೆಲ್‌ಮನ್ ಮತ್ತು ಜ್ವೈಗ್ ಬೇರೆಬೇರೆಯಾಗಿ ಸೂಚಿಸಿದಂತೆ, ಪ್ರೋಟಾನಿನೊಳಗೂ ಮೂರು ಕ್ವಾರ್ಕುಗಳಿವೆ: ಎರಡು ‘ಅಪ್’, ಒಂದು ‘ಡೌನ್’. ಅಪ್ ಕ್ವಾರ್ಕಿನ ವಿದ್ಯುದಂಶ ಧನ ಮೂರರಲ್ಲಿ ಎರಡು ಪಾಲು, ಡೌನ್ ಕ್ವಾರ್ಕಿನದು ಋಣ ಮೂರರಲ್ಲಿ ಒಂದು ಪಾಲು. ಕೂಡಿಸಿದರೆ ಸರಿಯಾಗಿ ಒಂದು. ಒಂದು ಅಪ್, ಎರಡು ಡೌನ್ ಆದರೆ ಸೊನ್ನೆ, ಅದೇ ನ್ಯೂಟ್ರಾನ್. ಭಿನ್ನರಾಶಿ ಬಲ್ಲ ಮಗು ಇದನ್ನು ಮಾಡಲಾರದೆ?

ಇದೆಲ್ಲ ದೂರದ ದೇಶದ ಮಾತೆಂದೂ ಅಲ್ಲ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಎಂಬ ಸೂಕ್ಷ್ಮ ಕಣದ ಸುಳಿವನ್ನು ಮೊದಮೊದಲು ಹಿಡಿದ ಪ್ರಯೋಗಗಳಲ್ಲಿ ಒಂದು 1965ರಲ್ಲಿ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ನಡೆಯಿತು.

‘ಹೇಗೂ ಎಲ್ಲ ಹೆಸರೂ ಇಂಗ್ಲಿಷಿನದೇ, ಕನ್ನಡದಲ್ಲಿ ಕಲಿಸಿ ಏನು ಪ್ರಯೋಜನ?’ ಎಂದು ಕೇಳುವವರು ನಮ್ಮವರಲ್ಲೇ ಇದ್ದಾರೆ. ಹೆಸರಿನ ಮಾತು ದೊಡ್ಡದಲ್ಲ. ಎಲೆಕ್ಟ್ರಾನ್ ಎಂಬ ಹೆಸರಿನ ಮೂಲ ಅಂಬರ್ ಎಂಬ ವಸ್ತುವಿನ ಗ್ರೀಕ್ ಹೆಸರು. ಇಂಗ್ಲಿಷಿನವರಿಗೂ ಅದು ಕಡವೇ. ಹತ್ತಿಪ್ಪತ್ತು ಹೆಸರುಗಳನ್ನು ನಾವೂ ಕಡ ತರೋಣ. ಆದರೆ ‘ಏಕೆ’, ‘ಹಾಗಾದರೆ’, ‘ಆದ್ದರಿಂದ’ ಎಂಬಿವನ್ನು ಕಡ ತರಲಾಗದು. ಚಿನ್ನದ ತಗಡಿನ ಕಥೆಯಲ್ಲಿ ಮುಖ್ಯವಾದದ್ದು ಆ ‘ಆದ್ದರಿಂದ’. ಅದು ಮಗುವಿಗೆ ಸಲೀಸಾದ ಮಾತಿನಲ್ಲೇ ಹೊಳೆಯಬೇಕು.

ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದಾಗ ನಷ್ಟವಾಗುವುದು ಇದೇ. ಕರಿಹಲಗೆಯ ಮೇಲಿನದನ್ನು ಮಕ್ಕಳು ನಕಲು ಮಾಡಿಕೊಂಡಾರು, ಅಂಕವನ್ನೂ ಪಡೆದಾರು. ಆದರೆ ಸಂಶಯ ಬಂದಾಗ ಯಾರನ್ನು, ಯಾವ ಮಾತಿನಲ್ಲಿ ಕೇಳುವುದು? ಆ ಅಧ್ಯಾಪಕರು ಕೆಟ್ಟವರೆಂದಲ್ಲ. ಅವರ ಪಾಡೂ ಕಷ್ಟದ್ದೇ. ಮಲಯಾಳದ ಮೇಲೆ ನಮಗೆ ದ್ವೇಷವೂ ಇಲ್ಲ. ಕನ್ನಡದ ಅಣುವಿಗೆ ಅವರು ‘ತನ್ಮಾತ್ರ’ ಎನ್ನುತ್ತಾರೆಂದು ತಿಳಿದ ಮಗುವಿಗೆ ಲಾಭವೇ. ಒಂದನ್ನು ಕನ್ನಡದಲ್ಲಿ ಗಟ್ಟಿಯಾಗಿ ತಿಳಿದ ಮೇಲೆ ಇನ್ನೊಂದು ಭಾರವಾಗದು.

ಆದುದರಿಂದ ಕನ್ನಡ ತರಗತಿಗಳ ವಿಜ್ಞಾನದ ಹುದ್ದೆಗಳಿಗೆ ಕನ್ನಡ ಬಲ್ಲವರನ್ನೇ ನೇಮಿಸಬೇಕೆಂದು ಹೆತ್ತವರು ಒಂದಾಗಿ ಕೇಳಬೇಕು. ಪತ್ರಿಕೆಯವರಾದ ನಾವು ಪರಮಾಣುವನ್ನು ಪರಮಾಣುವೆಂದೇ ಬರೆಯಬೇಕು. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ, ಯಾವ ಮಾತೇ ಇರಲಿ, ಆ ದಿನ ಕಲಿತದ್ದನ್ನು ಅದರಲ್ಲೇ ಹೇಳೆಂದು ಮಗುವನ್ನು ಕೇಳಬೇಕು. ನಿಮಗೆ ಪಾಠ ತಿಳಿಯದಿದ್ದರೂ ಚಿಂತೆಯಿಲ್ಲ. ಅಂಗಳದಿಂದ ಒಂದು ಅಡಿಕೆ ಎತ್ತಿ ಕೈಗೆ ಕೊಟ್ಟು, ‘ಇದು ನ್ಯೂಕ್ಲಿಯಸ್ ಆದರೆ ಎಲೆಕ್ಟ್ರಾನ್ ಎಲ್ಲಿದೆ? ಏಕೆ?’ ಎಂದು ಕೇಳಿದರೂ ಸಾಕು.