ವಿರಳ ಎನ್ನುವ ಮೊದಲು

2011ರ ಜನಗಣತಿಯ ಪ್ರಕಾರ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ 14,37,169. ವಿಸ್ತೀರ್ಣ ಹತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು. ಭಾಗಿಸಿದರೆ ಚದರ ಕಿಲೋಮೀಟರಿಗೆ 140 ಜನ. ರಾಜ್ಯದ ಸರಾಸರಿ 319. ನನ್ನ ತಕರಾರು ಈ ಲೆಕ್ಕದ ಮೇಲಲ್ಲ, ಅದರಿಂದ ಎಳೆಯುವ ತೀರ್ಮಾನದ ಮೇಲೆ. ‘ಅಲ್ಲಿ ಜನವೇ ಇಲ್ಲವಲ್ಲ, ರಸ್ತೆ ಯಾರಿಗೆ?’ ಎಂಬ ಮಾತನ್ನು ಕೇಳುತ್ತಲೇ ಈ ಜಿಲ್ಲೆಯಲ್ಲಿ ಬೆಳೆದವನು ನಾನು.

ಮೊದಲಿಗೆ, 140 ಎಂಬ ಸಂಖ್ಯೆ ಇಲ್ಲಿ ಯಾರ ಬದುಕನ್ನೂ ಹೇಳುವುದಿಲ್ಲ. ಭಟ್ಕಳ, ಹೊನ್ನಾವರ, ಕುಮಟಾದ ಕರಾವಳಿಯಲ್ಲಿ ಮನೆಗೆ ಮನೆ ತಾಗಿಕೊಂಡಿದೆ. ಘಟ್ಟ ಹತ್ತಿ ಸಿದ್ದಾಪುರ, ಯಲ್ಲಾಪುರದ ಕಡೆ ಹೋದರೆ ಅಡಿಕೆ ತೋಟದ ಕಣಿವೆಗೆ ನಾಲ್ಕೈದು ಮನೆ. ಜೋಯಿಡಾ ವಿಸ್ತೀರ್ಣದಲ್ಲಿ ಜಿಲ್ಲೆಯ ಅತಿ ದೊಡ್ಡ ತಾಲ್ಲೂಕು. ಜನ ಮಾತ್ರ ಸುಮಾರು 50 ಸಾವಿರ. ಇವೆಲ್ಲವನ್ನೂ ಕಲಸಿ ತೆಗೆದ ಸರಾಸರಿಯಿಂದ ಯಾವ ಊರಿಗೆ ಏನು ಬೇಕೆಂದು ತಿಳಿಯುವುದಿಲ್ಲ.

ಇನ್ನು ‘ಗ್ರಾಮ’ ಎಂಬ ಪದ. ಬಯಲುಸೀಮೆಯಲ್ಲಿ ಊರೆಂದರೆ ಒಂದೆಡೆ ಗುಂಪಾಗಿ ನಿಂತ ಮನೆಗಳು, ಸುತ್ತ ಹೊಲ. ಇಲ್ಲಿ ಕಂದಾಯ ದಾಖಲೆಯ ಒಂದು ಗ್ರಾಮವೆಂದರೆ ಹಲವು ಮಜರೆಗಳು, ನಡುವೆ ಗುಡ್ಡ, ಕಾಡು, ಹಳ್ಳ. ಕುಣಬಿಗಳ, ಸಿದ್ದಿಗಳ, ಗೌಳಿಗಳ ಕೇರಿಗಳು ಒಂದಕ್ಕೊಂದು ಮೈಲಿಗಟ್ಟಲೆ ದೂರ. ಮಳೆಗಾಲದಲ್ಲಿ ಹಳ್ಳ ತುಂಬಿ ಕಾಲುಸಂಕ ಕೊಚ್ಚಿಹೋದರೆ ಕೂಗಳತೆಯ ಮನೆಯೂ ಬೇರೆ ಊರೇ.

2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆ ಬಯಲಿನ ಜನವಸತಿಗೆ 500 ಜನರ ಮಿತಿ ಇಟ್ಟಿತು. ಗುಡ್ಡಗಾಡು ರಾಜ್ಯಗಳಿಗೆ, ಮರುಭೂಮಿಗೆ, ಸಂವಿಧಾನದ ಐದನೇ ಅನುಸೂಚಿಯ ಬುಡಕಟ್ಟು ಪ್ರದೇಶಗಳಿಗೆ 250. ಕರ್ನಾಟಕ ಆ ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿರಲಿಲ್ಲ. ಐದನೇ ಅನುಸೂಚಿಯ ಪ್ರದೇಶವೂ ನಮ್ಮಲ್ಲಿಲ್ಲ. ಹೀಗೆ ಸಹ್ಯಾದ್ರಿಯ ನೆತ್ತಿಯ ಮೇಲಿನ ಕೇರಿ ಕಾಗದದಲ್ಲಿ ಬಯಲಾಯಿತು! ನಮ್ಮದೇ 1993ರ ಪಂಚಾಯತ್ ರಾಜ್ ಕಾಯ್ದೆಗೆ ಈ ವ್ಯತ್ಯಾಸ ಗೊತ್ತಿತ್ತು. ಗ್ರಾಮ ಪಂಚಾಯ್ತಿಗೆ ಸಾಮಾನ್ಯವಾಗಿ 5,000ದಿಂದ 7,000 ಜನ ಬೇಕೆಂದ ಅದು ಮಲೆನಾಡಿನ ಜಿಲ್ಲೆಗಳಲ್ಲಿ 2,500 ಸಾಕೆಂದಿತು. ಪಂಚಾಯ್ತಿಗೆ ಒಪ್ಪಿದ ವಿವೇಕ ಸೇತುವೆಗೆ, ಬಸ್ಸಿಗೆ, ಶಾಲೆಗೆ ಏಕೆ ಒಪ್ಪುವುದಿಲ್ಲ?

‘ಹತ್ತು ಮನೆಗೆ ಒಂದು ಸೇತುವೆ ಕಟ್ಟಿದರೆ ಬೊಕ್ಕಸಕ್ಕೆ ಹೊರೆಯಲ್ಲವೆ?’ ಎನ್ನುತ್ತಾರೆ. ಹೊರೆ ನಿಜ. ಆದರೆ ತಲೆ ಎಣಿಸಿ ಖರ್ಚು ಬರೆಯುವವರು ಜಮೆಯನ್ನೂ ಬರೆಯಲಿ. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದಾಗ ಸೂಪಾ ಪಟ್ಟಣವೇ ಮುಳುಗಿತು. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಅದೇ ನದಿಗೆ ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳಾದವು; ದಡದಲ್ಲಿ ಕೈಗಾ ಅಣುಸ್ಥಾವರ ಬಂತು; ಕಾರವಾರದ ಬಳಿ ನೌಕಾನೆಲೆಗಾಗಿ ಕಡಲಂಚಿನ ಊರುಗಳು ಎದ್ದವು. ಇಲ್ಲಿನ ವಿದ್ಯುತ್ತು ರಾಜ್ಯಕ್ಕೆಲ್ಲ ಹರಿಯಿತು. ಜನರನ್ನು ಎಬ್ಬಿಸಿ, ಉಳಿದವರನ್ನು ಎಣಿಸಿ, ‘ನೀವು ವಿರಳ’ ಎನ್ನುವುದು ಯಾವ ನ್ಯಾಯ? ಇಲ್ಲಿನ ವಿರಳತೆಯಲ್ಲಿ ಕಾಡಿನ ಪಾಲಿದೆ, ಸರ್ಕಾರದ ಪಾಲೂ ಇದೆ.

ಬರೆಯುವ ನಾವೂ ಇದರಲ್ಲಿ ಪಾಲುದಾರರು. ನಮ್ಮ ಮಲೆನಾಡಿನ ಪ್ರಬಂಧಗಳಲ್ಲಿ ಮಳೆ, ಮಂಜು, ಜಲಪಾತ ಧಾರಾಳ. ಗರ್ಭಿಣಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ರಸ್ತೆಗೆ ತರುವವರು ಅಪರೂಪ. ‘ನಿರ್ಜನ’ ಎಂಬ ಪದವನ್ನು ನಾವು ಚೆಂದಕ್ಕೆ ಬಳಸುತ್ತೇವೆ. ಅದೇ ಪದವನ್ನು ಕಚೇರಿಯ ಕಡತ ಅನುದಾನ ನಿರಾಕರಿಸಲು ಬಳಸುತ್ತದೆ.

ಮುಂದಿನ ಗಣತಿ ತಲೆಗಳನ್ನು ಎಣಿಸಲಿ, ಬೇಡವೆನ್ನುವವರಾರು? ಆದರೆ ಸವಲತ್ತು ಹಂಚುವಾಗ ಇನ್ನೂ ಮೂರು ಪ್ರಶ್ನೆ ಕೇಳಬೇಕು. ಈ ಕೇರಿಯಿಂದ ಆಸ್ಪತ್ರೆಗೆ ಎಷ್ಟು ಹೊತ್ತಿನ ದಾರಿ? ಶಾಲೆಗೆ ಹೋಗುವ ಮಗು ಎಷ್ಟು ಹಳ್ಳ ದಾಟುತ್ತದೆ? ವರ್ಷದಲ್ಲಿ ಎಷ್ಟು ದಿನ ಈ ದಾರಿ ಮುಚ್ಚಿರುತ್ತದೆ? ಉತ್ತರ ಬಂದ ಮೇಲೆ ಬೇಕಾದರೆ ನಮ್ಮನ್ನು ವಿರಳ ಎನ್ನಿ.