ಒಂದು ವರ್ಷ ನಾಟಕ ಕಲಿತರೆ ಹೊಟ್ಟೆಗೇನು?

ನಟ ಸತೀಶ್ ಅವರ ಹೆಸರಿನ ಜೊತೆ ಇರೋ 'ನೀನಾಸಂ' ಅವರ ಊರಿನ ಹೆಸರು ಅಂತ ತಿಳಿದವರಿದ್ದಾರೆ. ಅದು ಅವರು ಕಲಿತ ಜಾಗ. ನಾವೆಲ್ಲ ಕಾಲೇಜಿನ ಹೆಸರನ್ನ ರೆಸ್ಯೂಮೆಗೆ ಹಾಕ್ತೀವಿ. ಸ್ವಂತ ಹೆಸರಿಗೇ ಸೇರಿಸಿಕೊಳ್ಳೋರು ಎಷ್ಟು ಜನ ಹೇಳಿ?

ನೀನಾಸಂ ಅಂದ್ರೆ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ, ಅಡಿಕೆ ತೋಟಗಳ ನಡುವೆ, 1949ರಲ್ಲಿ ಊರಿನವರು ಕಟ್ಟಿಕೊಂಡ ಹವ್ಯಾಸಿ ನಾಟಕ ಸಂಘ ಅದು. ಅದನ್ನ ಬೆಳೆಸಿದ ಕೆ.ವಿ. ಸುಬ್ಬಣ್ಣ ಮೈಸೂರಿನಲ್ಲಿ ಓದಿ ಊರಿಗೇ ವಾಪಸ್ ಬಂದವರು. ಅಕ್ಷರ ಪ್ರಕಾಶನ ಶುರು ಮಾಡಿದರು. ಸತ್ಯಜಿತ್ ರಾಯ್, ಕುರೊಸಾವಾ ಸಿನಿಮಾಗಳನ್ನ ಹಳ್ಳಿ ಜನರ ಮುಂದೆ ತಂದರು. 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆದರು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಅವರನ್ನ ಹುಡುಕಿಕೊಂಡು ಬಂತು.

ಇಷ್ಟೆಲ್ಲ ಈಗ ಯಾಕೆ ಅಂದ್ರೆ, ನಮ್ಮ ಅಕ್ಕನ ಮಗ ಎಂಜಿನಿಯರಿಂಗ್ ಮುಗಿಸಿ ಅಲ್ಲಿಗೆ ಅರ್ಜಿ ಹಾಕ್ತೀನಿ ಅಂತ ಕೂತಿದ್ದಾನೆ. "ನಾಟಕ ಕಲೀತಾನಂತೆ. ಆಮೇಲೆ ಹೊಟ್ಟೆಗೇನು? ನೀನಾದ್ರೂ ಹೇಳು ಅವನಿಗೆ" ಅಂತ ಭಾವ ನನಗೇ ಫೋನ್ ಮಾಡಿದ್ರು.

ಭಾವನ ಪ್ರಶ್ನೆಯನ್ನ ನಾನು ತಳ್ಳಿಹಾಕಲ್ಲ. ರಂಗಭೂಮಿಯಲ್ಲಿ ತಿಂಗಳ ಸಂಬಳದ ಕೆಲಸ ಕಮ್ಮಿ. ಅಚ್ಯುತ್ ಕುಮಾರ್, ಸತೀಶ್ ಥರ ಸಿನಿಮಾದಲ್ಲಿ ಹೆಸರು ಮಾಡೋರು ಕೆಲವರು ಮಾತ್ರ. ಹೆಗ್ಗೋಡಿಗೆ ಹೋದ ಕೂಡಲೇ ಹೀರೋ ಆಗ್ತೀನಿ ಅಂತ ಅವನು ಅಂದುಕೊಂಡಿದ್ರೆ ನಾನೇ ಬೇಡ ಅಂತಿದ್ದೆ.

ಆದ್ರೆ ಆ ಶಾಲೆ ಹುಟ್ಟಿದ್ದು ಹೀರೋಗಳನ್ನ ತಯಾರು ಮಾಡೋಕಲ್ಲ. ಅಲ್ಲೇ ಉಳಿದು, ಕನ್ನಡದಲ್ಲೇ ಕಲಿಯೋ ಒಂದು ವರ್ಷದ ಕೋರ್ಸ್ ಅದು. ಅಭಿನಯದ ಜೊತೆಗೆ ಬೆಳಕು, ಪ್ರಸಾಧನ, ರಂಗಸಜ್ಜಿಕೆಯ ಕೆಲಸವನ್ನೂ ಕಲಿಸ್ತಾರೆ. ಯಾಕಂದ್ರೆ ಕಲಿತವನು ನಾಳೆ ತನ್ನೂರಿಗೆ ಹೋದಾಗ ಅಲ್ಲಿ ಲೈಟಿನವರು, ಮೇಕಪ್‌ನವರು ಕಾಯ್ತಾ ಇರಲ್ಲ. ಇದ್ದಷ್ಟರಲ್ಲೇ ಒಂದು ನಾಟಕ ಎಬ್ಬಿಸಬೇಕು. ಮಂಡ್ಯ ರಮೇಶ್ ಅಲ್ಲಿ ಕಲಿತು ಮೈಸೂರಿನಲ್ಲಿ 'ನಟನ' ಕಟ್ಟಿದ್ದನ್ನ ನೆನಪಿಸಿಕೊಳ್ಳಿ. ಹೆಸರು ಕೇಳಿರದ ಎಷ್ಟೋ ಜನ ಶಾಲೆಗಳಲ್ಲಿ ಮಕ್ಕಳಿಗೆ ನಾಟಕ ಆಡಿಸ್ತಿದ್ದಾರೆ.

1985ರಲ್ಲಿ 'ತಿರುಗಾಟ' ಶುರುವಾಯ್ತು. ಯಕ್ಷಗಾನ ಮೇಳಗಳ ಊರೂರು ಸಂಚಾರಕ್ಕೆ ಇರೋ ಹೆಸರೇ ಇದಕ್ಕೂ. ನಟರು, ಪರಿಕರ, ಲೈಟು ಎಲ್ಲ ಹೇರಿಕೊಂಡು ತಂಡ ಹೊರಡುತ್ತೆ. ಷೇಕ್ಸ್‌ಪಿಯರ್ ಕೂಡ ಕನ್ನಡ ಮಾತಾಡ್ತಾ ತಾಲ್ಲೂಕು ಊರಿನ ವೇದಿಕೆ ಹತ್ತುತ್ತಾನೆ. ಒಳ್ಳೆಯ ನಾಟಕ ನೋಡೋಕೆ ದೊಡ್ಡ ಊರಿಗೇ ಹೋಗಬೇಕು ಅನ್ನೋದನ್ನ ಆ ಹಳ್ಳಿ ಒಪ್ಪಲೇ ಇಲ್ಲ.

ಭಾವನಿಗೆ ನಾನು ಹೇಳಿದ್ದು ಇಷ್ಟೇ: "ಅವನ ಡಿಗ್ರಿ ಎಲ್ಲೂ ಓಡಿಹೋಗಲ್ಲ, ಭಾವ. ಒಂದು ವರ್ಷ ಕೊಡಿ. ಅದಕ್ಕೂ ಮುಂಚೆ ತಿರುಗಾಟದ ಒಂದು ನಾಟಕ ಇಬ್ಬರೂ ಒಟ್ಟಿಗೆ ನೋಡಿ."

ಅವರು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ನಮ್ಮೂರ ಕಡೆ ಯಾವಾಗ ಬರುತ್ತಂತೆ?" ಅಂದ್ರು.