ಕಾಡಿನ ಶಾಲೆಗೆ ಹೊಸ ಮಾಸ್ತರರು

ದಾಂಡೇಲಿ, ಜೋಯಿಡಾ, ಹಳಿಯಾಳ, ಮುಂಡಗೋಡಗಳ ಕಾಡುಹಳ್ಳಿಗಳಿಗೆ ನೇಮಕವಾಗಿ ಬರುವ ಹೊಸ ಶಿಕ್ಷಕರು ಎರಡು ವರ್ಷದ ತರಬೇತಿ ಮುಗಿಸಿ, ಅರ್ಹತಾ ಪರೀಕ್ಷೆ ದಾಟಿ ಬಂದವರೇ ಸರಿ. ಆದರೆ ಅವರೆದುರು ಕುಳಿತ ಕುಣಬಿಯ ಮಗು ಮನೆಯಲ್ಲಾಡುವುದು ಕೊಂಕಣಿ. ಸಿದ್ದಿಗಳಲ್ಲಿಯೂ ಹಲವರದು ಅದೇ. ಗೌಳಿಗರದು ಮರಾಠಿಯ ಒಂದು ಬಗೆ. ಮಾಸ್ತರರ ಮಾತು ತಿಳಿಯದೆ ಸುಮ್ಮನೆ ಕುಳಿತ ಕೂಸನ್ನು ದಡ್ಡನೆಂದು ಬಗೆಯುವುದು ಯಾವ ನ್ಯಾಯ?

1860ರ ದಶಕದಲ್ಲಿ ಡೆಪ್ಯೂಟಿ ಚನ್ನಬಸಪ್ಪನವರು ಧಾರವಾಡದ ನಾರ್ಮಲ್ ಸ್ಕೂಲಿನಲ್ಲಿ ಕನ್ನಡ ಮಾಸ್ತರರನ್ನು ಸಿದ್ಧಗೊಳಿಸಿದ್ದು, ನಮ್ಮ ಮಕ್ಕಳು ತಿಳಿಯದ ಮರಾಠಿಯಲ್ಲಿ ಓದಬೇಕಾದ ದುರವಸ್ಥೆ ತಪ್ಪಲೆಂದು. ಅದನ್ನು ಕೊಂಡಾಡುವ ನಾವು ಕುಣಬಿಯ ಕೂಸಿನ ಸಂಕಟಕ್ಕೆ ಕಿವುಡಾಗಬಹುದೆ?

ಕನ್ನಡ ಬೇಡವೆಂದಲ್ಲ, ಅದು ಅಲ್ಲಿ ಬೇರೂರಲೆಂದೇ ನಮ್ಮ ಆಗ್ರಹ. ಹೊಸಬರು ಮೊದಲ ಮೂರು ತಿಂಗಳು ಅಲ್ಲಿಯ ಅನುಭವಿ ಶಿಕ್ಷಕರೊಡನಿದ್ದು, ಮಕ್ಕಳ ಮನೆಮಾತನ್ನು ತಕ್ಕಮಟ್ಟಿಗೆ ಕಲಿಯಲಿ. ಆ ಅವಧಿಯ ಪೂರ್ಣ ಸಂಬಳವನ್ನು ಸರಕಾರವು ಕೊಡತಕ್ಕದ್ದು.